48 ಇಲಿ 20 ಆದ ಕತೆ

ಔಷಧ ವಿಜ್ಞಾನದ ಸ್ನಾತಕೋತ್ತರ ಕೋರ್ಸ್ ಎಂ.ಫಾರ್ಮ್‌ನಲ್ಲಿ ಫಾರ್ಮಕಾಲಜಿ, ಅಂದರೆ ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ, ತಗೊಂಡವರ ಕಿವಿಗೆ ಎರಡನೇ ವರ್ಷ ಶುರುವಾಗುವ ಮೊದಲೇ ಒಂದು ಹೆಸರು ಬೀಳತೊಡಗುತ್ತದೆ. ಫಾರ್ಮ್ ಬಿ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಅನುಮತಿ ಕೇಳುವ ಅರ್ಜಿ ಅದು. ಪಾಸಾಗುವ ತನಕ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ.

ನಾನು ಬೆಳಗಾವಿಯಲ್ಲಿ ಓದುವಾಗ ಈ ಫಾರ್ಮ್ ಬಗ್ಗೆ ಹಾಸ್ಟೆಲ್‌ನಲ್ಲಿ ಎರಡು ಮಾತು ಓಡಾಡುತ್ತಿದ್ದವು. "ಸೀನಿಯರ್ ಫಾರ್ಮ್ ತಗೋ, ಗಿಡದ ಹೆಸರು ಬದಲಿಸು, ಮುಗೀತು" ಅನ್ನೋರು ಕೆಲವರು. "ಕಮಿಟಿಯವರು ಸುಮ್ನೆ ಕಾಡ್ತಾರೆ, ವರ್ಷ ಹಾಳಾಗ್ತದ" ಅನ್ನೋರು ಉಳಿದವರು. ಜೂನಿಯರ್‌ಗಳು ಈಗಲೂ ಇದನ್ನೇ ಕೇಳುತ್ತಾರೆ. ಹಾಗಾಗಿ ನನಗೆ ಆದದ್ದನ್ನು ಆದ ಹಾಗೇ ಬರೆದಿಡುತ್ತಿದ್ದೇನೆ.

ನನ್ನ ವಿಷಯ ಲಕ್ಕಿ ಸೊಪ್ಪು. ಬೈಲಹೊಂಗಲ ಕಡೆ ನಮ್ಮೂರಿನ ಹಳ್ಳದ ದಂಡೆಗೆ ಇದು ಬೇಡ ಅಂದರೂ ಬೆಳೆಯುತ್ತದೆ. ಮಂಡಿ ಹಿಡಿದವರು ಸೊಪ್ಪನ್ನು ಬಿಸಿ ಮಾಡಿ ಕಟ್ಟಿಕೊಳ್ಳುತ್ತಾರೆ. ಬಾಣಂತಿಗೆ ಇದನ್ನು ಕುದಿಸಿದ ನೀರು ಹಾಕುತ್ತಾರೆ. ವಿಜ್ಞಾನದ ಹೆಸರು ವೈಟೆಕ್ಸ್ ನೆಗುಂಡೊ. ಒಣಗಿಸಿದ ಒಂದು ಕೊಂಬೆ ಒಯ್ದು ಗಿಡ ಅದೇ ಹೌದು ಅಂತ ಬರೆಸಿಕೊಳ್ಳುವುದು ಬೆಳಗಾವಿಯಲ್ಲಿ ಸುಲಭ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ಊರಲ್ಲೇ ಇದೆ.

ಬಾವು ಇಳಿಸುವ ಗುಣವನ್ನು ಅಳೆಯಲು ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಕ್ಯಾರಜೀನನ್ ಅನ್ನುವ ಪುಡಿಯನ್ನು ಸಲೈನ್‌ನಲ್ಲಿ ಕಲಸಿ ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ಕಡಲ ಕೆಂಪು ಪಾಚಿಯಿಂದ ತೆಗೆಯುವ ಪುಡಿ ಇದು. ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲಲೂ ಇದನ್ನೇ ಹಾಕುತ್ತಾರೆ. ಹೊಟ್ಟೆಗೆ ಹೋದರೆ ಏನೂ ಅನಿಸದ ಈ ವಸ್ತು ಪಾದಕ್ಕೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಬಾವು ಬರಿಸುತ್ತದೆ. ಮೂರರಿಂದ ಐದು ತಾಸಿನೊಳಗೆ ಅದು ತುದಿಗೆ ಮುಟ್ಟುತ್ತದೆ. ಔಷಧಿ ಕೊಟ್ಟ ಇಲಿಯ ಪಾದ ಎಷ್ಟು ಕಡಿಮೆ ಬಾತಿದೆ ಅನ್ನೋದೇ ಲೆಕ್ಕ. 1962ರಲ್ಲಿ ಬಂದ ವಿಧಾನ, ಇವತ್ತಿಗೂ ನಡೆದಿದೆ.

ನಾನು ಮೊದಲು ಬರೆದ ಯೋಜನೆ ಹೀಗಿತ್ತು. ಸೊಪ್ಪಿನಿಂದ ಮೂರು ಬಗೆಯ ಸಾರ. ಒಂದು ಪೆಟ್ರೋಲಿಯಂ ಈಥರ್‌ನಲ್ಲಿ, ಇನ್ನೊಂದು ಈಥೈಲ್ ಅಸಿಟೇಟ್‌ನಲ್ಲಿ, ಮತ್ತೊಂದು ಎಥನಾಲ್‌ನಲ್ಲಿ ತೆಗೆದದ್ದು. ಒಂದೊಂದಕ್ಕೂ ಎರಡು ಡೋಸ್. ಜೊತೆಗೆ ಹೋಲಿಕೆಗೆ ಏನೂ ಕೊಡದ ಕಂಟ್ರೋಲ್ ಗುಂಪು, ಗೊತ್ತಿರುವ ಔಷಧಿಯ ಗುಂಪು. ಒಟ್ಟು ಎಂಟು ಗುಂಪು, ಗುಂಪಿಗೆ ಆರು ಇಲಿ, 48. ಸಾರವನ್ನು ಸೂಜಿಯಂಥ ಕೊಳವೆಯಿಂದ ಬಾಯಿಗೆ ಹಾಕುವುದು. ಚರ್ಮದ ಮೇಲೂ ಒಂದು ಪರೀಕ್ಷೆ ಇರಲಿ ಅಂತ ಗೈಡ್ ಹೇಳಿದ್ದರಿಂದ ಮೂರು ಮೊಲ. ಕೊನೆಯ ಕಾಲಂನಲ್ಲಿ, ಪ್ರಯೋಗ ಮುಗಿದ ಮೇಲೆ ಪ್ರಾಣಿಗಳನ್ನು ಏನು ಮಾಡುತ್ತೀರಿ ಅನ್ನುವಲ್ಲಿ, ದಯಾಮರಣ. ನಮ್ಮ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿರುವ ಯಾವ ಹಳೆ ಫಾರ್ಮ್ ತೆಗೆದರೂ ಹೆಚ್ಚೂಕಮ್ಮಿ ಇದೇ ಇರುತ್ತದೆ.

ಫಾರ್ಮ್ ಹೋಗುವುದು ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ. ನಮ್ಮ ಬಾಯಲ್ಲಿ ಐಎಇಸಿ. ಕಾಲೇಜಿನ ಒಳಗಿನ ಒಂದಿಷ್ಟು ಜನ ಇರುತ್ತಾರೆ. ಬೇರೆ ಬೇರೆ ವಿಷಯದ ವಿಜ್ಞಾನಿಗಳು, ಒಬ್ಬ ಪಶುವೈದ್ಯರು, ಅನಿಮಲ್ ಹೌಸಿನ ಉಸ್ತುವಾರಿ. ಹೊರಗಿನವರನ್ನು ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ ನೇಮಿಸುತ್ತದೆ. ಮೊದಲು ಅದಕ್ಕೆ ಸಿಪಿಸಿಎಸ್‌ಇಎ ಅಂತಿದ್ದರು, ಈಗ ಸಿಸಿಎಸ್‌ಇಎ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿಂದ ಹುಟ್ಟಿದ್ದು, 1998ರ ನಿಯಮಗಳಿಂದ ಹಲ್ಲು ಬಂದದ್ದು. ಹೊರಗಿನಿಂದ ಬರುವವರಲ್ಲಿ ಒಬ್ಬರು ವಿಜ್ಞಾನಿಯೇ ಆಗಿರಬೇಕಿಲ್ಲ. ಸಮಾಜದ ತಿಳಿವಳಿಕೆ ಇರುವವರು ಆದರೆ ಸಾಕು. ಆ ಕುರ್ಚಿಯನ್ನು ನಮ್ಮಲ್ಲಿ ಬಹಳ ಜನ ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡಿದ್ದರು.

ಮೀಟಿಂಗ್ ಒಂದು ಸಲ ಮುಂದಕ್ಕೆ ಹೋಯಿತು. ಕೇಂದ್ರದಿಂದ ನೇಮಕವಾದ ಪ್ರತಿನಿಧಿ ಇಲ್ಲದೆ ಮೀಟಿಂಗ್ ನಡೆಸುವ ಹಾಗಿಲ್ಲ. ಮುಖ್ಯ ಪ್ರತಿನಿಧಿಯ ರೈಲು ಮಳೆಗೆ ಸಿಕ್ಕಿಹಾಕಿಕೊಂಡಿತ್ತು. ಬೆಳಗಾವಿಯ ಮಳೆ ಮುಂದೆಯೂ ನನ್ನ ಬೆನ್ನು ಬಿಡಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಮೀಟಿಂಗಿನಲ್ಲಿ ನನ್ನ ಸರದಿ ಬರುವಾಗ ಊಟದ ಹೊತ್ತು. ಹದಿನೈದು ಸ್ಲೈಡ್ ತಯಾರು ಮಾಡಿಕೊಂಡಿದ್ದೆ. ಮೂರನೆಯದಕ್ಕೇ ತಡೆದರು.

ತಡೆದವರು ಆ ಅಲಂಕಾರದ ಕುರ್ಚಿಯವರು. ನಿವೃತ್ತ ಹೈಸ್ಕೂಲ್ ಟೀಚರ್, ಅಥಣಿ ಕಡೆಯವರು. "ನಮ್ಮವ್ವ ಮಂಡಿಗೆ ಇದೇ ಸೊಪ್ಪ ಕಟ್ಟತಿದ್ದಳ್ರೀ. ಹೊರಗ ಕಟ್ಟೋ ಸೊಪ್ಪನ್ನ ನೀವು ಇಲಿಗೆ ಯಾಕ ಕುಡಸ್ತೀರಿ?"

ನನ್ನ ಗೈಡ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇದಕ್ಕೆ ಉತ್ತರ ಇರಲಿಲ್ಲ. ಹಾಗೆ ಮಾಡುವುದು ರೂಢಿ, ಅಷ್ಟೇ. ಪ್ರಬಂಧಗಳಲ್ಲಿ ಬಾಯಿಗೆ ಹಾಕಿರುತ್ತಾರೆ, ನಾವೂ ಹಾಕುತ್ತೇವೆ. ಹೊರಗಿನ ವಿಜ್ಞಾನಿ ಸದಸ್ಯರು ಈ ಎಳೆ ಹಿಡಿದರು. "ಬಾಯಿಗೆ ಹಾಕಿದ ಕೆಲಸ ಆಗಲೇ ಬೇಕಾದಷ್ಟಿದೆ. ಹಚ್ಚುವ ಜೆಲ್ ಮಾಡಿದರೆ ಹೊಸದೇನಾದರೂ ಸಿಕ್ಕೀತು. ಅದೇ ಪ್ರಯೋಗವನ್ನ ಇನ್ನೊಂದು ಸಲ ಮಾಡಲು ನಾವು ಯಾಕೆ ಇಲಿ ಕೊಡಬೇಕು?"

ಮಾತು ಕಟುವಾಗಿತ್ತು. ಆದರೆ ಸುಳ್ಳಲ್ಲ. ನಮ್ಮ ಕಡೆ ಡಿಗ್ರಿಗಾಗಿ ನಡೆಯುವ ಪ್ರಯೋಗಗಳೇ ಜಾಸ್ತಿ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ಮತ್ತೆ ಇಲಿ ಖರ್ಚಾಗುತ್ತದೆ, ಥೀಸಿಸ್ ಬೈಂಡ್ ಆಗುತ್ತದೆ, ಲೈಬ್ರರಿಯಲ್ಲಿ ಧೂಳು ತಿನ್ನುತ್ತದೆ. ಇಲಿಗೆ ಆಗುವ ನೋವಿಗಿಂತ ಈ ದಂಡ ದೊಡ್ಡದು ಅಂತ ನನಗೆ ಈಗ ಅನಿಸುತ್ತದೆ. ನೋವಿನಿಂದ ಏನಾದರೂ ತಿಳಿದರೆ ಒಂದು ಮಾತು. ಏನೂ ತಿಳಿಯದಿದ್ದರೆ ಅದಕ್ಕೆ ಏನನ್ನಬೇಕು?

ಆಮೇಲೆ ಸಂಖ್ಯೆಗೆ ಬಂದರು. "ಗುಂಪಿಗೆ ಆರು ಯಾಕೆ?" ಇದಕ್ಕೂ ರೂಢಿಯ ಉತ್ತರವೇ ಇತ್ತು. ಆರು ಅಂದ್ರೆ ಆರು, ಯಾವ ಪ್ರಬಂಧ ನೋಡಿದರೂ ಆರು. ಮುಖ್ಯ ಪ್ರತಿನಿಧಿ ಬೋರ್ಡಿನ ಮೇಲೆ ಸಣ್ಣ ಲೆಕ್ಕ ಬರೆದು ತೋರಿಸಿದರು. ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆಯಬೇಕು. ಬಂದ ಅಂಕಿ 10ರಿಂದ 20ರೊಳಗೆ ಇದ್ದರೆ ಸಾಕು. ಹತ್ತಕ್ಕಿಂತ ಕಡಿಮೆ ಆದರೆ ಫಲಿತಾಂಶ ನಂಬುವ ಹಾಗಿಲ್ಲ, ಆಗ ಬಳಸಿದ ಇಲಿಗಳೂ ದಂಡ. ಇಪ್ಪತ್ತು ದಾಟಿದರೆ ಹೆಚ್ಚುವರಿ ಇಲಿಗಳಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ನನ್ನದು 48ರಲ್ಲಿ 8 ಕಳೆದರೆ 40. "ಎರಡು ಪಟ್ಟು," ಅಂದರು, ಚಾಕ್ ಇಟ್ಟರು.

ಈ ಲೆಕ್ಕ ಒರಟು. ಮೊದಲೇ ನಡೆದ ಪ್ರಯೋಗದ ಅಂಕಿ ಕೈಯಲ್ಲಿದ್ದರೆ ಕಂಪ್ಯೂಟರಿನಲ್ಲಿ ಇನ್ನೂ ಸರಿಯಾಗಿ ತೆಗೆಯಬಹುದು, ತೆಗೆಯಬೇಕು ಕೂಡ. ಆದರೂ ಗುಂಪಿಗೆ ಆರು ಅನ್ನುವ ಮಂತ್ರಕ್ಕಿಂತ ಇದು ಎಷ್ಟೋ ವಾಸಿ.

ಮೊಲದ ವಿಷಯ ಬೇಗ ಮುಗಿಯಿತು. ಮೊಲದ ಕಣ್ಣಿಗೂ ಚರ್ಮಕ್ಕೂ ವಸ್ತು ಹಾಕಿ ಉರಿ ನೋಡುವ ಪದ್ಧತಿ 1944ರಿಂದ ಬಂದದ್ದು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲೇ ನಿಲ್ಲಿಸಿದೆ. ನನ್ನದು ಔಷಧಿ, ಹಾಗಾಗಿ ಆ ನಿಷೇಧ ನೇರವಾಗಿ ತಟ್ಟುವುದಿಲ್ಲ. "ಆದ್ರೂ ಮೊಲ ಬ್ಯಾಡ. ಅವೇ ಇಲಿಗಳ ಬೆನ್ನ ಮ್ಯಾಲೆ ಸ್ವಲ್ಪ ಹಚ್ಚಿ ನೋಡ್ರಿ, ಕೆಂಪಾದ್ರ ಅಲ್ಲಿಗೇ ನಿಲ್ಲಸ್ರಿ" ಅಂತ ಪಶುವೈದ್ಯರು ಹೇಳಿದರು.

ಅವರೇ ಮುಂದುವರಿದು ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. "ಕಂಟ್ರೋಲ್ ಗುಂಪಿನ ಇಲಿಗೆ ನೋವಿಗೆ ಏನು ಕೊಡ್ತೀರಿ?"

ಏನೂ ಕೊಡುವ ಹಾಗಿಲ್ಲ. ನೋವಿನ ಔಷಧಿ ಬಾವನ್ನೂ ಇಳಿಸುತ್ತದೆ, ಕೊಟ್ಟರೆ ಪರೀಕ್ಷೆಯೇ ಇರುವುದಿಲ್ಲ. ಅಂದರೆ ಈ ಪ್ರಯೋಗದಲ್ಲಿ ಒಂದಷ್ಟು ಇಲಿಗಳು ನೋವು ತಿನ್ನಲೆಂದೇ ಇವೆ. ಉಳಿದ ಗುಂಪುಗಳಿಗೆ ಸ್ವಲ್ಪವಾದರೂ ಆರಾಮ ಸಿಗಬಹುದು, ಈ ಗುಂಪಿಗೆ ಸಿಗಬಾರದು ಅಂತಲೇ ಯೋಜನೆ. ಫಾರ್ಮ್ ತುಂಬುವಾಗ "ಕಂಟ್ರೋಲ್" ಅಂತ ಬರೆದು ಮುಂದೆ ಹೋಗುವುದು ಸುಲಭ. ಯಾರಾದರೂ ಎದುರು ಕೂತು ಕೇಳಿದಾಗಲೇ ಆ ಪದದ ಕೆಳಗೆ ಒಂದು ಪ್ರಾಣಿ ಕಾಣುವುದು.

ಅವರು ಅಲ್ಲಿಗೇ ಬಿಡಲಿಲ್ಲ. "ಎಷ್ಟು ಹೊತ್ತು ಹಂಗೇ ಇಡ್ತೀರಿ?" ಫಾರ್ಮಿನಲ್ಲಿ 24 ತಾಸು ಅಂತಿತ್ತು. ಐದನೇ ತಾಸಿನ ಮೇಲಿನ ರೀಡಿಂಗ್‌ನಿಂದ ಏನು ತಿಳಿಯುತ್ತದೆ ಅಂತ ಕೇಳಿದರು. ಯೋಚಿಸಿ ನೋಡಿದರೆ, ನನ್ನ ಪ್ರಶ್ನೆಗೆ ಬೇಕಾದದ್ದು ಏನೂ ಇಲ್ಲ. ಐದು ತಾಸಿಗೆ ನಿಲ್ಲಿಸುವುದು, ಕೊನೆಯ ರೀಡಿಂಗ್ ಆದ ತಕ್ಷಣ ಎಲ್ಲ ಇಲಿಗಳಿಗೂ, ಮೊದಲು ಕಂಟ್ರೋಲ್ ಗುಂಪಿಗೆ, ನೋವಿನ ಇಂಜೆಕ್ಷನ್ ಕೊಡುವುದು ಅಂತ ಆಯಿತು. ನಡುವೆಯೇ ಯಾವುದಾದರೂ ಇಲಿ ತೀರಾ ಸೊರಗಿದರೆ, ಕಾಲನ್ನೇ ಕಚ್ಚಿಕೊಳ್ಳತೊಡಗಿದರೆ, ಅದನ್ನು ಪ್ರಯೋಗದಿಂದ ಹೊರಗೆ ತೆಗೆಯುವುದು. ಹಾಗೆ ತೆಗೆಯುವ ಅಧಿಕಾರ ನನಗಲ್ಲ, ಪಶುವೈದ್ಯರಿಗೆ. ಇದು ನನಗೆ ಬಹಳ ಸರಿ ಅನಿಸಿತು. ಡೇಟಾ ಬೇಕಾದವರ ಕೈಗೆ ಆ ತೀರ್ಮಾನ ಕೊಡಬಾರದು.

ಕೊನೆಯ ಕಾಲಂಗೆ ಬಂದರು. ದಯಾಮರಣ ಯಾಕೆ? ಪಾದದ ಅಂಗಾಂಶ ನೋಡಬೇಕು ಅಂದೆವು. ಎಲ್ಲ ಇಲಿಗಳದ್ದೂ ಬೇಕೇ? ಬೇಡ. ಗುಂಪಿಗೆ ಎರಡು ಸಾಕು. ಹಾಗಾದರೆ ಉಳಿದವು ಯಾಕೆ ಸಾಯಬೇಕು?

ಅರ್ಜಿ ವಾಪಸ್ ಬಂತು. "ತಿದ್ದಿ ತನ್ನಿ."

1959ರಲ್ಲಿ ಬ್ರಿಟನ್ನಿನ ವಿಲಿಯಂ ರಸೆಲ್, ರೆಕ್ಸ್ ಬರ್ಚ್ ಅನ್ನುವ ಇಬ್ಬರು ಮೂರು ಸೂತ್ರ ಹೇಳಿದ್ದರು. ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ಏನನ್ನಾದರೂ ಬಳಸಿ. ಬಳಸಲೇಬೇಕಾದರೆ ಕಡಿಮೆ ಬಳಸಿ. ಬಳಸುವಾಗ ನೋವು ತಗ್ಗಿಸಿ. ಇಂಗ್ಲಿಷಿನಲ್ಲಿ ಮೂರೂ ಆರ್ ಅಕ್ಷರದಿಂದ ಶುರು, ಹಾಗಾಗಿ ಪರೀಕ್ಷೆಗೆ ನಾವು ಇದನ್ನು ಮೂರು ಆರ್ ಅಂತ ಬಾಯಿಪಾಠ ಮಾಡಿ ಐದು ಅಂಕ ತಗೊಂಡಿದ್ದೆವು. ನಮ್ಮ ದೇಶದಲ್ಲಿ ನಾಲ್ಕನೆಯದೂ ಸೇರಿದೆ, ಪ್ರಯೋಗ ಮುಗಿದ ಪ್ರಾಣಿಗೆ ಪುನರ್ವಸತಿ. ಆ ವಾರ ನಾನು ಮಾಡಿದ್ದು ಈ ಐದು ಅಂಕದ ಉತ್ತರವನ್ನು ನನ್ನದೇ ಫಾರ್ಮಿನ ಮೇಲೆ ಬರೆಯುವ ಕೆಲಸ.

ಬದಲಿಗೆ ಸಿಕ್ಕಿದ್ದು ಮೊಟ್ಟೆ. ಮೊಟ್ಟೆಯ ಬಿಳಿಯನ್ನು ಬಿಸಿ ಮಾಡಿದರೆ ಕದಡಿ ಬೆಳ್ಳಗಾಗುತ್ತದೆ. ಬಾವು ಇಳಿಸುವ ಎಷ್ಟೋ ಔಷಧಿಗಳು ಈ ಕದಡುವಿಕೆಯನ್ನು ತಡೆಯುತ್ತವೆ. ಮೂರೂ ಸಾರವನ್ನು ಬೇರೆ ಬೇರೆ ಟೆಸ್ಟ್ ಟ್ಯೂಬಿನಲ್ಲಿ ಹಾಕಿ, ಯಾವುದು ಜಾಸ್ತಿ ತಡೆಯುತ್ತದೆ ಅಂತ ಮೆಷಿನ್‌ನಲ್ಲಿ ಓದಬಹುದು. ಇದು ಇಲಿಯ ಪಾದಕ್ಕೆ ಸಮ ಅಂತ ಯಾರೂ ಹೇಳುವುದಿಲ್ಲ. ಜೀವ ಇರುವ ಮೈಯಲ್ಲಿ ನಡೆಯುವ ನೂರು ಕೆಲಸಗಳಲ್ಲಿ ಒಂದರ ಮೂಲೆ ಇದು. ಆದರೆ ಮೂರರಲ್ಲಿ ಯಾವುದನ್ನು ಇಲಿಯ ತನಕ ಒಯ್ಯಬೇಕು ಅಂತ ಆರಿಸಲು ಸಾಕು. ಮನುಷ್ಯರ ರಕ್ತದ ಕೆಂಪು ಕಣಗಳ ಮೇಲೆ ಮಾಡುವ ಇನ್ನೊಂದು ಪರೀಕ್ಷೆಯೂ ಇದೆ. ಅದಕ್ಕೆ ಕ್ಲಾಸಿನವರ ರಕ್ತ ಬೇಕು, ರಕ್ತ ತೆಗೆಯಲು ಮನುಷ್ಯರ ನೀತಿ ಸಮಿತಿಯ ಒಪ್ಪಿಗೆ ಬೇಕು. ಒಂದು ಸಮಿತಿಯೇ ಸಾಕಪ್ಪ ಅಂತ ಮೊಟ್ಟೆಗೇ ನಿಂತೆ.

ಈಥೈಲ್ ಅಸಿಟೇಟ್ ಸಾರ ಮುಂದೆ ಬಂತು. ಉಳಿದೆರಡು ಫಾರ್ಮಿನಿಂದ ಹೊರಬಿದ್ದವು. ಅದರ ಜೆಲ್ ಎರಡು ಪ್ರಮಾಣದಲ್ಲಿ, ಬರೀ ಜೆಲ್ ಹಚ್ಚಿದ ಕಂಟ್ರೋಲ್, ಗೊತ್ತಿರುವ ಔಷಧಿಯಾಗಿ ಅಂಗಡಿಯ ಡೈಕ್ಲೋಫೆನಾಕ್ ಜೆಲ್. ನಾಲ್ಕು ಗುಂಪು, ಗುಂಪಿಗೆ ಐದು. 20ರಲ್ಲಿ 4 ಕಳೆದರೆ 16. ಎರಡನೇ ಮೀಟಿಂಗ್‌ನಲ್ಲಿ ನನಗೆ ಕೊಟ್ಟದ್ದು ಒಂದು ಟೀ ಕುಡಿಯುವಷ್ಟು ಹೊತ್ತು. ಪಾಸಾಯಿತು.

ಇಲ್ಲಿ ಒಂದು ಮಾತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ವಾಕಿಂಗ್ ಹೋಗದ ಬೆಳಗಾವಿಯವರು ಕಡಿಮೆ. ಅಷ್ಟು ಮರ, ಅಷ್ಟು ನೆರಳು. ಆ ಹೆಸರು ಯಾಕೆ ಬಂತು ಅಂತ ಮಾತ್ರ ಹೊಸಬರಿಗೆ ಗೊತ್ತಿರುವುದಿಲ್ಲ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ದೇಶದಲ್ಲಿ ಸಿಡುಬಿನ ವಿರುದ್ಧ ಹೋರಾಟ ಜೋರಾಗಿದ್ದಾಗ ಒಣಪುಡಿಯ ಲಸಿಕೆ ಮಾಡುತ್ತಿದ್ದ ಬೆರಳೆಣಿಕೆಯ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಆ ಲಸಿಕೆ ಬೆಳೆಯುತ್ತಿದ್ದದ್ದು ಕರುಗಳ ಚರ್ಮದ ಮೇಲೆ. ಕೂದಲು ಬೋಳಿಸಿ, ಚರ್ಮ ಗೀರಿ, ವೈರಸ್ ಹಚ್ಚಿ, ಕೆಲವು ದಿನ ಬಿಟ್ಟು ಬಂದ ಗುಳ್ಳೆಗಳನ್ನು ಕೆರೆದು ತೆಗೆಯುತ್ತಿದ್ದರು. ನಮ್ಮ ಅಜ್ಜಿಯ ತೋಳಿನ ಮೇಲೆ ಆ ಲಸಿಕೆಯ ಗುರುತು ಇತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆ ಆಯಿತು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಪ್ರಾಣಿ ಪ್ರಯೋಗವೇ ಬೇಡ ಅನ್ನುವ ಗೆಳತಿಯರೂ ನನಗಿದ್ದಾರೆ, ಅದರಲ್ಲೇನು ತಪ್ಪು ಅನ್ನುವವರೂ ಇದ್ದಾರೆ. ಸಿಡುಬು ಹೋದದ್ದು ಆ ಕರುಗಳಿಂದ ಕೂಡ. ಹಾಗಂತ ನನ್ನ ಎಂ.ಫಾರ್ಮ್ ಥೀಸಿಸ್ ಸಿಡುಬಿನ ಲಸಿಕೆ ಅಲ್ಲ. 1960ರ ಕಾಯ್ದೆಯೂ ಹೀಗೇ ನಡುವೆ ನಿಂತಿದೆ. ಜ್ಞಾನಕ್ಕಾಗಿ, ಜೀವ ಉಳಿಸಲು ಮಾಡುವ ಪ್ರಯೋಗ ಅಪರಾಧ ಅಲ್ಲ ಅನ್ನುತ್ತದೆ. ಮುಂದೆ ಹೋಗಿ, ಪುಸ್ತಕ, ಮಾದರಿ, ಫಿಲ್ಮ್ ಸಾಕಾಗುವ ಕಡೆ ಪ್ರಾಣಿ ಬೇಡ, ಸಣ್ಣ ಪ್ರಾಣಿಯಲ್ಲಿ ಆಗುವುದಕ್ಕೆ ದೊಡ್ಡದನ್ನು ತರಬೇಡಿ, ಬರೀ ಕೈ ಪಳಗಿಸಿಕೊಳ್ಳಲು ಪ್ರಯೋಗ ಮಾಡಬೇಡಿ ಅಂತಲೂ ಹೇಳುತ್ತದೆ. ನಾನು ಬಿ.ಫಾರ್ಮ್‌ನಲ್ಲಿ ಒಂದೂ ಪ್ರಾಣಿ ಮುಟ್ಟಿರಲಿಲ್ಲ, ಕಪ್ಪೆಯ ಹೃದಯ ಬಡಿದದ್ದು ಕಂಪ್ಯೂಟರ್ ಪರದೆಯ ಮೇಲೆ. ನಮಗಿಂತ ಮುಂಚಿನ ಬ್ಯಾಚ್‌ಗಳಿಗೆ ಹಾಗಿರಲಿಲ್ಲ.

ಇದೇ ಹೊತ್ತಿಗೆ ಊರಿಗೆ ಹೋದಾಗ ಅಟ್ಟದ ಮೇಲೆ ಅವ್ವ ಇಲಿ ಬೋನು ಇಟ್ಟಿದ್ದಳು. ಜೋಳದ ಚೀಲ ಕಡಿದಿದ್ದವಂತೆ. ಅದಕ್ಕೆ ಯಾವ ಫಾರ್ಮೂ ಇಲ್ಲ. ನಾನು ಇಪ್ಪತ್ತು ಇಲಿಗೆ ಅಷ್ಟು ಪುಟ ತುಂಬಿದ್ದನ್ನು ಹೇಳಿದರೆ ಅವ್ವನಿಗೆ ನಗು ತಡೆಯಲಾಗಲಿಲ್ಲ. "ಬೇಕಾದ್ರ ನಮ್ಮನ್ಯಾಗಿನವು ಒಯ್ಯ," ಅಂದಳು.

ಮನೆಯ ಇಲಿ ಆಗುವುದಿಲ್ಲ. ನೋಂದಣಿ ಇರುವ ಕಡೆಯಿಂದಲೇ ತರಬೇಕು. ನಮ್ಮವು ವಿಸ್ಟಾರ್ ತಳಿ. ಹೆಸರು ಅಮೆರಿಕದ ಫಿಲಡೆಲ್ಫಿಯಾದ ಸಂಸ್ಥೆಯಿಂದ ಬಂದದ್ದು, 1906ರಿಂದ ಬೆಳೆಸಿಕೊಂಡು ಬಂದ ಬಿಳಿ ಇಲಿಗಳ ಸಂತತಿ. ಬೆಂಗಳೂರಿನಿಂದ ರಾತ್ರಿ ಗಾಡಿಯಲ್ಲಿ ಬಂದವು. ಬಂದ ತಕ್ಷಣ ಕೆಲಸ ಶುರು ಮಾಡುವ ಹಾಗಿಲ್ಲ. ಜಾಗಕ್ಕೆ, ನೀರಿಗೆ, ವಾಸನೆಗೆ ಒಗ್ಗಿಕೊಳ್ಳಲು ಬಿಡಬೇಕು.

ನಮ್ಮ ಅನಿಮಲ್ ಹೌಸ್ ನೋಡಿಕೊಳ್ಳುವವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಖಾನಾಪುರದ ಕಡೆಯವರು. ಪಂಜರದ ಕೆಳಗೆ ಹಾಸುವ ಭತ್ತದ ಹೊಟ್ಟೂ ಆ ಕಡೆಯದೇ. ಸ್ಟೆರಿಲೈಸ್ ಮಾಡಿದ ಹೊಟ್ಟನ್ನು ಅವರು ಅಂಗೈಗೆ ಹಾಕಿಕೊಂಡು ಊದಿ, ಮೂಗಿನ ಹತ್ತಿರ ಹಿಡಿದು, ಆಮೇಲೆ ಪಂಜರಕ್ಕೆ ಸುರಿಯುತ್ತಿದ್ದರು. ಧೂಳಿದ್ದರೆ ಇಲಿ ಸೀನುತ್ತದೆ, ತೇವ ಇದ್ದರೆ ಮೂತ್ರದ ಘಾಟು ಬೇಗ ಏರುತ್ತದೆ. ಇಲಿಯ ಮೂಗು ಹೊಟ್ಟಿನಿಂದ ಒಂದು ಬೆರಳು ಮೇಲಿರುತ್ತದೆ. ನಮಗೆ ಬಾಗಿಲಲ್ಲಿ ಸಣ್ಣಗೆ ಬರುವ ವಾಸನೆ ಅದಕ್ಕೆ ಇಡೀ ದಿನದ ಗಾಳಿ.

ನಿಯಮದ ಪ್ರಕಾರ ಕೋಣೆಯ ಬಿಸಿ 18ರಿಂದ 29 ಡಿಗ್ರಿ, ತೇವ ಶೇಕಡಾ 30ರಿಂದ 70, ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಕತ್ತಲೆ. ಬೆಳಗಾವಿಯಲ್ಲಿ ಬಿಸಿಯ ತೊಂದರೆ ಇಲ್ಲ. ತೇವದ್ದೇ ತಲೆನೋವು. ಆಷಾಢದಲ್ಲಿ ಗೋಡೆಯೇ ಬೆವರುವ ಊರು ಇದು. ಮೀಟರ್ 80 ತೋರಿಸುವುದು ಮಾಮೂಲು. ತೇವ ಹೀರುವ ಮೆಷಿನ್ ಬೇಕು ಅಂತ ಕಾಕಾ ಆಫೀಸಿಗೆ ಬರೆದು ಕೊಟ್ಟಿದ್ದರಂತೆ, ಉತ್ತರ ಬಂದಿರಲಿಲ್ಲ. ಆ ತನಕ ಅವರ ಉಪಾಯ ಒಂದೇ. ಹೊಟ್ಟನ್ನು ವಾರಕ್ಕೆ ಎರಡರ ಬದಲು ನಾಲ್ಕು ಸಲ ಬದಲಿಸುವುದು, ಎಕ್ಸಾಸ್ಟ್ ಫ್ಯಾನ್ ನಿಲ್ಲದ ಹಾಗೆ ನೋಡಿಕೊಳ್ಳುವುದು. ಮೀಟರಿನ ಅಂಕಿಯನ್ನು ಬೆಳಿಗ್ಗೆ ಸಂಜೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. 80 ಇದ್ದರೆ 80. ಸುಂದರವಾಗಿ 65 ಅಂತ ಬರೆಯುವ ರಿಜಿಸ್ಟರ್‌ಗಳೂ ಇರುತ್ತವೆ ಅಂತ ಕೇಳಿದ್ದೇನೆ, ಇವರದು ಆ ಜಾತಿಯದಲ್ಲ.

ಅನುಮತಿ ಸಿಕ್ಕದ್ದು ಶ್ರಾವಣದಲ್ಲಿ. ಗೈಡ್‌ಗೆ ಬೇಗ ಮುಗಿಸುವ ಅವಸರ. ಕಾಕಾ ಬೇಡ ಅಂದರು. "ಗಣಪತಿ ಮುಗೀಲಿ ತಡೀರಿ. ಡಾಲ್ಬಿ ಹಚ್ಚಿದ್ರ ಇವು ಮೂಲ್ಯಾಗ ಹೊಕ್ಕು ಕುಂಡರ್ತಾವ, ಕೂಳ ಮುಟ್ಟಂಗಿಲ್ಲ." ಬೆಳಗಾವಿಯ ಗಣಪತಿ ಗೊತ್ತಿದ್ದವರಿಗೆ ಡಾಲ್ಬಿ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎದೆ ನಡುಗಿಸುವ ಆ ಸ್ಪೀಕರ್‌ಗಳ ಸದ್ದು ಇಲಿಗೆ ಏನಾಗಬಹುದು? ಅವುಗಳ ಕಿವಿ ನಮಗಿಂತ ಎಷ್ಟೋ ಚುರುಕು. ಹೆದರಿದ ಇಲಿಯ ಮೈಯಲ್ಲಿ ಏರುವ ಹಾರ್ಮೋನೇ ಬಾವನ್ನು ತಗ್ಗಿಸುತ್ತದೆ. ಆಗ ನನ್ನ ಜೆಲ್ ಕೆಲಸ ಮಾಡಿತೋ, ಡಾಲ್ಬಿ ಕೆಲಸ ಮಾಡಿತೋ ಹೇಳುವುದು ಹೇಗೆ? ಅನಂತ ಚತುರ್ದಶಿ ಕಳೆದು ಊರು ಸುಮ್ಮನಾದ ಮೇಲೆಯೇ ದಿನ ಗೊತ್ತು ಮಾಡಿದೆವು. ಫಾರ್ಮ್ ಬಿಯಲ್ಲಿ ಹಬ್ಬದ ಕಾಲಂ ಇಲ್ಲ.

ಆ ನಡುವೆ ದಿನಾ ಹೋಗಿ ಇಲಿ ಹಿಡಿಯುವುದನ್ನು ಕಲಿತೆ. ಬಾಲ ಹಿಡಿದು ಎತ್ತುವುದಲ್ಲ. ಹೆಗಲ ಕೆಳಗೆ ಬೆರಳು ಸೇರಿಸಿ, ಇನ್ನೊಂದು ಕೈಯಿಂದ ಹಿಂಗಾಲಿಗೆ ಆಸರೆ ಕೊಟ್ಟು, ಮೈಗೆ ಹತ್ತಿರ ತರುವುದು. "ಯವ್ವಾ, ನೀ ಅಂಜಿದ್ರ ಅದಕ್ಕ ಗೊತ್ತಾಗ್ತದ," ಅಂತ ಕಾಕಾ ಹೇಳುತ್ತಿದ್ದರು. ಮೊದಮೊದಲು ಕೈ ಪಂಜರದ ಒಳಗೆ ಹೋದರೆ ಇಲಿಗಳು ಒಂದರ ಮೇಲೊಂದು ಬಿದ್ದು ಮೂಲೆಗೆ ಓಡುತ್ತಿದ್ದವು. ಒಂದಷ್ಟು ದಿನದ ಮೇಲೆ ತಾವೇ ಬಂದು ಗ್ಲೌಸ್ ಮೂಸತೊಡಗಿದವು. ಮುದ್ದು ಮಾಡುವುದಕ್ಕೆ ಹೇಳುತ್ತಿಲ್ಲ. ರೀಡಿಂಗ್ ತೆಗೆಯುವಾಗ ಒದ್ದಾಡದ ಇಲಿಯ ಅಂಕಿಯೇ ನಂಬುವಂಥದ್ದು. ಹಿಡಿಯುವವರು ಬದಲಾದರೂ ಲೆಕ್ಕ ಬದಲಾಗುತ್ತದೆ. ಗಂಡಸರ ಮೈವಾಸನೆಗೆ ಇಲಿಗಳು ಹೆದರಿ, ಆ ಹೆದರಿಕೆಗೆ ಅವುಗಳ ನೋವೇ ತಗ್ಗಿದ ಹಾಗೆ ಕಾಣುತ್ತದೆ ಅಂತ 2014ರಲ್ಲಿ ಒಂದು ಸಂಶೋಧನೆ ಬಂದಿದೆ. ಹಾಗಾಗಿ ಮೊದಲಿನಿಂದ ಕೊನೆಯ ತನಕ ನಾನೊಬ್ಬಳೇ ಹಿಡಿದೆ.

ಜೆಲ್‌ನ ದೊಡ್ಡ ಸಮಸ್ಯೆಯನ್ನು ಕಾಕಾ ಮೊದಲೇ ಹೇಳಿದ್ದರು. "ಹಚ್ಚಿದ್ದೆಲ್ಲ ನೆಕ್ಕತಾವ ನೋಡ." ನೆಕ್ಕಿದರೆ ಔಷಧಿ ಹೊಟ್ಟೆಗೆ ಹೋಗಿ ಲೆಕ್ಕ ಕೆಡುತ್ತದೆ. ಕೊರಳಿಗೆ ಪಟ್ಟಿ ಕಟ್ಟಿದರೆ ಇಲಿಗೆ ಅದೊಂದು ಹೊಸ ಕಾಟ. ಕೊನೆಗೆ ಮಾಡಿದ್ದು ಇಷ್ಟೇ. ಜೆಲ್ ಹಚ್ಚಿ, ಪಾದವನ್ನು ಮೆಲ್ಲಗೆ ತಿಕ್ಕುತ್ತಾ ಕೈಯಲ್ಲೇ ಹಿಡಿದುಕೊಂಡು ಕೂರುವುದು, ಹೀರಿಕೊಂಡ ಮೇಲೆ ಉಳಿದದ್ದನ್ನು ಒದ್ದೆ ಹತ್ತಿಯಿಂದ ಒರೆಸಿ ಬಿಡುವುದು.

ಪ್ರಯೋಗದ ದಿನ ಬೆಳಿಗ್ಗೆ ಒಂದೊಂದರ ಹಿಂಗಾಲಿನ ಗಿಣ್ಣಿಗೆ ಪೆನ್ನಿನಿಂದ ಗೆರೆ ಎಳೆದೆವು. ಆ ಗೆರೆಯ ತನಕ ಪಾದವನ್ನು ನೀರಿನ ಕೊಳವೆಯಲ್ಲಿ ಅದ್ದಿದರೆ ಏರಿದ ನೀರೇ ಪಾದದ ಅಳತೆ. ಜೆಲ್, ಆಮೇಲೆ ಇಂಜೆಕ್ಷನ್, ತಾಸಿಗೊಮ್ಮೆ ಅಳತೆ. ಯಾವ ಡಬ್ಬಿಯಲ್ಲಿ ಯಾವ ಜೆಲ್ ಅಂತ ನನಗೆ ಗೊತ್ತಿರಲಿಲ್ಲ, ಗೆಳತಿ ನಂಬರ್ ಅಂಟಿಸಿ ಕೊಟ್ಟಿದ್ದಳು.

ಮೂರನೇ ತಾಸಿಗೆ ಕೆಲವು ಆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಇಲಿಯ ಮುಖ ನೋಡಿ ನೋವು ಅಳೆಯುವ ಒಂದು ಪಟ್ಟಿ 2011ರಿಂದ ಇದೆ. ಕಣ್ಣು ಕಿರಿದಾಗುತ್ತದೆ, ಮೂಗು ಕೆನ್ನೆಯ ಉಬ್ಬು ಇಳಿಯುತ್ತದೆ, ಕಿವಿ ಮಡಚುತ್ತದೆ, ಮೀಸೆ ಸೆಟೆದು ನಿಲ್ಲುತ್ತದೆ. ಒಂದೊಂದಕ್ಕೂ ಸೊನ್ನೆ, ಒಂದು, ಎರಡು ಅಂತ ಅಂಕ. ಪಶುವೈದ್ಯರು ಪಟ್ಟಿ ಹಿಡಿದು ಪಂಜರದಿಂದ ಪಂಜರಕ್ಕೆ ಹೋಗುತ್ತಿದ್ದರು. ಕಾಕಾ ಪಟ್ಟಿ ಇಲ್ಲದೆಯೇ "ಹನ್ನೊಂದು, ಹದಿನಾಲ್ಕು ನೋಡ್ರಿ, ಕಣ್ಣ ಸಣ್ಣ ಮಾಡ್ಯಾವ" ಅಂದರು. ಪಟ್ಟಿಯಲ್ಲೂ ಅವಕ್ಕೇ ಜಾಸ್ತಿ ಅಂಕ ಬಂತು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಇಲಿ ಸಂಕಟಕ್ಕೆ ಕೂಗುವುದು ಹೆಚ್ಚಾಗಿ 22 ಕಿಲೋಹರ್ಟ್ಸ್‌ನಲ್ಲಿ. ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ. ಅದು ಓದಿ ಗೊತ್ತಿದ್ದರಿಂದ ಆ ಮೌನ ನನಗೆ ಅಷ್ಟು ಹಿತವಾಗಿರಲಿಲ್ಲ.

ಯಾವುದನ್ನೂ ನಡುವೆ ತೆಗೆಯುವ ಹಾಗೆ ಆಗಲಿಲ್ಲ. ಐದನೇ ತಾಸಿನ ಅಳತೆ ಆದ ಕೂಡಲೇ ನಂಬರ್ ಬಿಚ್ಚಿ, ಕಂಟ್ರೋಲ್ ಗುಂಪಿನಿಂದ ಶುರು ಮಾಡಿ ಎಲ್ಲಕ್ಕೂ ನೋವಿನ ಇಂಜೆಕ್ಷನ್ ಕೊಟ್ಟರು. ಕಾಕಾ ಹೇಳಿದ ಎರಡೂ ಕಂಟ್ರೋಲ್ ಗುಂಪಿನವೇ. ಸಂಜೆಗೆ ಅವು ಹೊಟ್ಟು ಕೆದರುತ್ತಿದ್ದವು.

ಅಂಗಾಂಶಕ್ಕೆ ಬೇಕಾದ ಎಂಟನ್ನು ಮರುದಿನ ಪಶುವೈದ್ಯರು ಅರಿವಳಿಕೆಯ ಹೆಚ್ಚು ಡೋಸ್ ಕೊಟ್ಟು ಮಲಗಿಸಿದರು. ಬೇರೆ ಕೋಣೆಯಲ್ಲಿ, ಒಂದೊಂದಾಗಿ, ಉಳಿದವುಗಳ ಕಣ್ಣಿಗೆ ಮೂಗಿಗೆ ಬೀಳದ ಹಾಗೆ. ನಾನು ಇದ್ದೆ. ಇರಬೇಕು ಅಂತ ನಿಯಮ ಇರಲಿಲ್ಲ, ಆದರೆ ಫಾರ್ಮಿನಲ್ಲಿ ಸಹಿ ನನ್ನದು. ಉಳಿದ ಹನ್ನೆರಡನ್ನು ದತ್ತು ಕೊಡೋಣ ಅಂತ ಸ್ವಲ್ಪ ಓಡಾಡಿದೆ. ಬೆಳಗಾವಿಯಲ್ಲಿ ಬೆಕ್ಕಿನ ಮರಿ ಕೇಳುವವರು ಸಿಗುತ್ತಾರೆ, ಇಲಿ ಅಂದ್ರೆ ಫೋನ್ ಇಡುತ್ತಾರೆ. ಸಮಿತಿಯ ಒಪ್ಪಿಗೆ ತಗೊಂಡು ಅವು ಅನಿಮಲ್ ಹೌಸಿನಲ್ಲೇ ಉಳಿದವು. ಜೂನಿಯರ್‌ಗಳು ಅವುಗಳ ಮೇಲೆ ಹಿಡಿಯುವುದನ್ನು ಮಾತ್ರ ಕಲಿಯಬೇಕು, ಸೂಜಿ ಮುಟ್ಟಿಸುವ ಹಾಗಿಲ್ಲ.

ಜೆಲ್ ಬಾವು ಇಳಿಸಿತು. ಡೈಕ್ಲೋಫೆನಾಕ್‌ನಷ್ಟು ಅಲ್ಲ. ಸುದ್ದಿಯಾಗುವಂಥದ್ದೇನೂ ಇಲ್ಲ, ಆದರೆ ಇಪ್ಪತ್ತೇ ಇಲಿಗಳಲ್ಲಿ ಅಂಕಿಗಳು ಒಂದಕ್ಕೊಂದು ಹತ್ತಿರ ಹತ್ತಿರ ಬಂದಿದ್ದವು. ಕಪಾಟಿನ ಹಳೆ ಥೀಸಿಸ್‌ಗಳಲ್ಲಿ ಅಷ್ಟು ಬಿಗಿಯಾದ ಅಂಕಿ ನಾನು ನೋಡಿರಲಿಲ್ಲ.

ಪ್ರಬಂಧ ಕಳಿಸಿದಾಗ ಜರ್ನಲ್‌ನವರು ಸಮಿತಿಯ ಅನುಮತಿ ಸಂಖ್ಯೆ ಕೇಳಿದರು, ಅದು ಒಂದು ಸಾಲಿನಲ್ಲಿ ಮುಗಿಯಿತು. ಅದರ ಹಿಂದೆ ಬಂದ ಪಟ್ಟಿ ದೊಡ್ಡದು. ಪಂಜರಕ್ಕೆ ಎಷ್ಟು ಇಲಿ, ಯಾವ ಹಾಸು, ಎಷ್ಟು ದಿನಕ್ಕೆ ಬದಲಿಸಿದಿರಿ, ಕೋಣೆಯ ತೇವ ಎಷ್ಟು, ಅದು ಏರಿದ ದಿನಗಳಲ್ಲಿ ಏನು ಮಾಡಿದಿರಿ, ತೂಕ ಇಳಿಯಿತೇ, ಯಾರು ಹಿಡಿದರು. ಫಾರ್ಮ್ ಬಿಯಲ್ಲಿ ಇದಾವುದಕ್ಕೂ ಉತ್ತರ ಇರಲಿಲ್ಲ. ಕಾಕಾನ ರಿಜಿಸ್ಟರಿನಲ್ಲಿ ದಿನದ ಲೆಕ್ಕದಲ್ಲಿ ಇತ್ತು. ಎರಡು ಸಂಜೆ ಅವರ ಪಕ್ಕ ಕೂತು ನಕಲು ಮಾಡಿಕೊಂಡೆ.

ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ ಅವರಿಗೆ ಕೃತಜ್ಞತೆ ಹೇಳಿದ ಸಾಲನ್ನು ಮೊಬೈಲ್‌ನಲ್ಲಿ ತೋರಿಸಿದೆ. ಇಂಗ್ಲಿಷಿನಲ್ಲಿದ್ದ ತಮ್ಮ ಹೆಸರನ್ನು ಬೆರಳಿಟ್ಟು ಓದಿಕೊಂಡರು. ಫೋನ್ ವಾಪಸ್ ಕೊಡುತ್ತಾ, "ಇದನ್ನ ಆಫೀಸಿನ್ಯಾಗೂ ತೋರಸವಾ. ತೇವದ ಮಷಿನ್ ಕೇಳಾಕ ಚಲೋ ಆಗ್ತದ," ಅಂದರು.